ಹಲ್ಲುಜ್ಜಿದ್ರೆ ಆಯ್ತಾ? ಕವಳದ ಮಾತೂ ಆಡೋಣ

ಬಾಯಿ ಚೆನ್ನಾಗಿ ಇಟ್ಟುಕೊಳ್ಳೋದು ಹೇಗೆ ಅಂತ ಯಾರನ್ನಾದ್ರೂ ಕೇಳಿ ನೋಡಿ, ಪಟ್ಟಿ ರೆಡಿ ಇರುತ್ತೆ. ಬೆಳಿಗ್ಗೆ ರಾತ್ರಿ ಎರಡು ಹೊತ್ತೂ ಹಲ್ಲುಜ್ಜಿ, ಸಿಹಿ ಕಮ್ಮಿ ತಿನ್ನಿ, ತಿಂದ ಮೇಲೆ ಬಾಯಿ ಮುಕ್ಕಳಿಸಿ, ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಿ... ಎಲ್ಲಾ ಸರಿ. ಆದ್ರೆ ನಮ್ಮ ಮಲೆನಾಡಿನ ಕಡೆ ದಿನಕ್ಕೆ ಎಂಟು ಹತ್ತು ಸಲ ಬಾಯಿಗೆ ಹೋಗೋ ವಸ್ತು ಒಂದಿದೆ, ಅದರ ಹೆಸರು ಮಾತ್ರ ಈ ಪಟ್ಟೀಲಿ ಬರೋದೇ ಇಲ್ಲ. ಅದು ಅಡಿಕೆ.

ನಮ್ಮದು ಸಾಗರದ ಕಡೆಯ ತೋಟದ ಮನೆ. ನನ್ನ ಓದು, ಅಕ್ಕನ ಮದುವೆ, ಈಗ ಇದನ್ನ ಟೈಪ್ ಮಾಡ್ತಿರೋ ಕಂಪ್ಯೂಟರಿನ ಮೊದಲ ಕಂತು, ಎಲ್ಲವೂ ಅಡಿಕೆ ದುಡ್ಡೇ. ಹಾಗಾಗಿ ಇದನ್ನ ಬರೆದು ಊರಿಗೆ ಹೋದ್ರೆ ಮಂಗಳಾರತಿ ಗ್ಯಾರಂಟಿ :-)

ನಮ್ಮಲ್ಲಿ ಮನೆಗೆ ಯಾರೇ ಬರಲಿ, ಮೊದಲು ಆಸರಿಗೆ, ಆಮೇಲೆ ಕವಳದ ಹರಿವಾಣ. ಮಾತು ಶುರುವಾಗೋದೇ ಎಲೆಗೆ ಸುಣ್ಣ ಹಚ್ಚುವಾಗ. ಸುಲಿಯಾಟದ ಕಾಲದಲ್ಲಂತೂ ರಾತ್ರಿ ಹನ್ನೊಂದು ಹನ್ನೆರಡರ ತನಕ ಮೆಟ್ಟುಗತ್ತಿ ಮುಂದೆ ಕೂತವರಿಗೆ ನಿದ್ದೆ ತಡೆಯೋಕೆ ಕವಳವೇ ಬೇಕು. ಊಟ ಅರಗುತ್ತೆ, ಬಾಯಿ ವಾಸನೆ ಹೋಗುತ್ತೆ, ಹಲ್ಲು ಗಟ್ಟಿಯಾಗುತ್ತೆ ಅನ್ನೋದು ಸಣ್ಣವನಿದ್ದಾಗಿಂದ ಕೇಳಿದ ಮಾತು. ಕ್ಯಾನ್ಸರ್ ಅಂದ್ರೆ ಸಾಕು, ಸಿದ್ಧ ಉತ್ತರ ಬರುತ್ತೆ: "ತಮಾ, ಅದೆಲ್ಲ ತಂಬಾಕು ಹಾಕಿದವ್ಕೆ. ಬರೀ ಅಡಿಕೆಯಿಂದ ಎಂತೂ ಆಗ್ತಿಲ್ಲೆ."

ನನ್ನ ಜಗಳ ಇರೋದು ಈ ವಾಕ್ಯದ ಜೊತೆಗೆ. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕು ಹಾಕಿದ ಕವಳ ಕ್ಯಾನ್ಸರ್‌ಕಾರಕ ಅಂದಿತ್ತು. ಆಗ ನಮ್ಮ ವಾದಕ್ಕೆ ಒಂದು ಆಧಾರ ಇತ್ತು ಅನ್ನಬಹುದು. 2004ರಲ್ಲಿ ಅದೇ ವಿಭಾಗ, ತಂಬಾಕಿಲ್ಲದ ಕವಳವೂ ಕ್ಯಾನ್ಸರ್‌ಕಾರಕ, ಅಡಿಕೆ ತಾನೇ ಕ್ಯಾನ್ಸರ್‌ಕಾರಕ ಅಂತ ಸಾರಿತು. ಇಪ್ಪತ್ತು ವರ್ಷ ದಾಟಿತು, ನಾವಿನ್ನೂ 1985ರಲ್ಲೇ ಇದೀವಿ. 2024ರಲ್ಲಿ ಬಂದ ಲೆಕ್ಕದ ಪ್ರಕಾರ 2022ರ ಒಂದೇ ವರ್ಷ ಜಗತ್ತಲ್ಲಿ ಸುಮಾರು 1,20,000 ಬಾಯಿ ಕ್ಯಾನ್ಸರ್‌ಗಳಿಗೆ ಅಗಿಯೋ ತಂಬಾಕು ಅಥವಾ ಅಡಿಕೆ ಕಾರಣ. ಅದರಲ್ಲಿ ಸುಮಾರು 83,000 ನಮ್ಮ ದೇಶದ್ದು.

ಕ್ಯಾನ್ಸರಿನ ಮಾತು ಬಿಡಿ, ಅದಕ್ಕಿಂತ ಮುಂಚೆ ಬರೋದು ಇನ್ನೊಂದಿದೆ. ಅಡಿಕೆಯಲ್ಲಿರೋ ಅರೆಕೋಲಿನ್ ಅನ್ನೋ ಅಂಶ ಕೆನ್ನೆಯ ಒಳಚರ್ಮದಲ್ಲಿ ನಾರು ಬೆಳೆಸುತ್ತಾ ಹೋಗುತ್ತೆ. ಮೊದಲು ಖಾರ ತಿಂದ್ರೆ ಬಾಯಿ ಉರಿಯುತ್ತೆ. ಆಮೇಲೆ ಕೆನ್ನೆ ಬಿಗಿಯುತ್ತೆ, ಬಿಳಿಚಿಕೊಳ್ಳುತ್ತೆ, ಬಾಯಿ ತೆರೆಯೋದು ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತೆ. ಒಮ್ಮೆ ಬಿಗಿದದ್ದು ಮೊದಲಿನ ಹಾಗೆ ಸಡಿಲವಾಗೋದಿಲ್ಲ. ಹತ್ತಿರದ ನೆಂಟರೊಬ್ಬರಿಗೆ ಹೀಗೇ ಆಯ್ತು. ತಂಬಾಕು ಮುಟ್ಟಿದವರೇ ಅಲ್ಲ! ಮದುವೆಮನೆಯಲ್ಲಿ ಲಾಡು ಪುಡಿ ಮಾಡಿ ಚಮಚದಲ್ಲಿ ತಿಂತಾ ಇದ್ರು. ದವಡೆ ಹಲ್ಲಿಗೆ ಬ್ರಶ್ ಹೋಗ್ತಿರಲಿಲ್ಲ. ಆ ಹಲ್ಲು ಹುಳುಕಾದಾಗ ಡಾಕ್ಟರ ಉಪಕರಣವೂ ಒಳಗೆ ಹೋಗಲಿಲ್ಲ. ಇಂಥವರಿಗೆ ಎರಡು ಹೊತ್ತು ಹಲ್ಲುಜ್ಜಿ ಅಂತ ಹೇಳಿ ಏನು ಪ್ರಯೋಜನ?

ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ನಡುವಿನ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ಮಧ್ಯೆ ಇಡಿ. ಹೋಗುತ್ತಾ? ಎರಡೇ ಹೋಗೋದಾದ್ರೆ, ಅದ್ರಲ್ಲೂ ಅಡಿಕೆ ಅಭ್ಯಾಸ ಇದ್ರೆ, ದಂತವೈದ್ಯರ ಹತ್ರ ಹೋಗಿ. ಎರಡು ವಾರವಾದ್ರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ ಕಂಡ್ರೂ ಅಷ್ಟೇ. ಮನೆ ಹಿರಿಯರಿಗೂ ಈ ಬೆರಳಿನ ಲೆಕ್ಕ ಮಾಡಿಸಿ, ತಮಾಷೆ ಅಂತಾದ್ರೂ ಮಾಡ್ತಾರೆ.

ತೋಟ ಕಡೀರಿ ಅಂತ ನಾನು ಹೇಳ್ತಾ ಇಲ್ಲ. ನಾಲ್ಕು ಎಕರೆ ತೋಟ ನೆಚ್ಚಿಕೊಂಡವರಿಗೆ ಹಾಗನ್ನೋದು ಸುಲಭವೂ ಅಲ್ಲ, ನ್ಯಾಯವೂ ಅಲ್ಲ. ಆದ್ರೆ ನಮ್ಮ ರಾಶಿ, ಬೆಟ್ಟೆ ಎಲ್ಲ ಲಾರಿ ಹತ್ತಿ ಉತ್ತರಕ್ಕೆ ಹೋಗಿ ಏನಾಗುತ್ತೆ ಅಂತ ನಮಗೆ ಗೊತ್ತಿಲ್ವಾ? 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಯ್ತು. ಪಾನ್ ಮಸಾಲ ಒಂದು ಸ್ಯಾಶೆ, ತಂಬಾಕು ಇನ್ನೊಂದು ಸ್ಯಾಶೆ, ಒಂದೇ ಅಂಗಡೀಲಿ ಜೋಡಿಯಾಗಿ ಸಿಗೋಕೆ ಶುರುವಾಯ್ತು. ಕಾಲೇಜು ಹುಡುಗರ ಬಾಯಿಗೆ ಹೋಗ್ತಿರೋದು ಅದೇ. ದರ ಬಿದ್ದೀತು ಅನ್ನೋ ಭಯಕ್ಕೆ ಬೆಳೆಯೋ ನಾವೇ "ಬರೀ ಅಡಿಕೆಯಿಂದ ಏನೂ ಇಲ್ಲ" ಅಂತಿದ್ರೆ ಆ ಹುಡುಗರು ಯಾರ ಮಾತು ನಂಬಬೇಕು?

ತಾಂಬೂಲಕ್ಕೂ ನನ್ನ ತಕರಾರಿಲ್ಲ. ಎಲೆ ಮೇಲೆ ಅಡಿಕೆ ಇಟ್ಟು ಕೊಡಿ, ತಗೊಂಡು ಕಣ್ಣಿಗೊತ್ತಿಕೊಳ್ಳೋಣ. ಅಗೀಲೇಬೇಕು ಅಂತ ಎಲ್ಲಿದೆ?

ಬಿಡೋದು ಕಷ್ಟ, ಅಡಿಕೆಗೂ ಕಾಫಿ ಸಿಗರೇಟಿನ ಹಾಗೆ ಚಟದ ಗುಣ ಇದೆ. ಹಾಗಾಗಿ ಮೊದಲು ರಾತ್ರಿ ಊಟದ ಮೇಲಿನ ಕವಳ ಬಿಡಿಸಿ ನೋಡಿ ಅಂತ ನನ್ನ ಸಲಹೆ. ಕವಳ ದವಡೆಗೆ ಒತ್ತಿಕೊಂಡೇ ಮಲಗೋರನ್ನ ನಾನೇ ನೋಡಿದೀನಿ. ನಿದ್ದೇಲಿ ಜೊಲ್ಲು ಹುಟ್ಟೋದು ತೀರಾ ಕಮ್ಮಿ, ಬಾಯಿ ತೊಳೆಯೋಕೆ ಏನೂ ಇರೋಲ್ಲ. ಅದರ ಬದಲು ಫ್ಲೋರೈಡ್ ಪೇಸ್ಟು ಕಡಲೆಕಾಳಷ್ಟು ಹಾಕಿ ಹಲ್ಲುಜ್ಜಿ, ನೊರೆ ಉಗಿದು ಹಾಗೇ ಮಲಗೋದು. ಮತ್ತೆ ಮತ್ತೆ ನೀರು ಹಾಕಿ ಮುಕ್ಕಳಿಸಿದ್ರೆ ಪೇಸ್ಟಿನ ಉಪಯೋಗವೂ ತೊಳೆದು ಹೋಗುತ್ತೆ. ಬೆಳಗಿನ ಹಲ್ಲುಜ್ಜೋದನ್ನ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದಿಲ್ಲದೆ ಕಾಫಿ ಲೋಟ ಮುಟ್ಟೋಕೂ ಬಿಡೋಲ್ಲ. ರಾತ್ರಿಯದ್ದೇ ತಕರಾರು.

ಅಪ್ಪನ ಹರಿವಾಣದಲ್ಲಿ ಈಗ ಅಡಿಕೆ ಪಕ್ಕ ಬಡೇಸೋಪಿನ ಡಬ್ಬಿ ಇಟ್ಟಿದೀನಿ. ಯಾಲಕ್ಕಿ ನಡೀತು, ಲವಂಗ ಪರವಾಗಿಲ್ಲ ಅಂದ. ಹುರಿದ ಕೊತ್ತಂಬರಿ ಬೀಜ ಕೊಟ್ಟಿದ್ದಕ್ಕೆ "ಇದೆಂತದ, ಸಾರಿನ ಪುಡಿ ತಿಂದಾಂಗೆ" ಅಂತ ಅಂಗಳಕ್ಕೆ ಉಗಿದುಬಿಟ್ಟ. ನಿಮ್ಮ ಕಡೆ ಊಟವಾದ ಮೇಲೆ ಅಡಿಕೆ ಬಿಟ್ಟು ಇನ್ನೇನು ಕೊಡ್ತಾರೆ? ಗೊತ್ತಿದ್ರೆ ಕೆಳಗೆ ಬರೀರಿ, ಮುಂದಿನ ಸಲ ಊರಿಗೆ ಹೋಗುವಾಗ ಪೊಟ್ಟಣ ಕಟ್ಟಿಕೊಂಡು ಹೋಗ್ತೀನಿ.