ಎಣ್ಣೆ, ನೀರು ಮತ್ತು ಒಂದು ಪ್ರಶ್ನೆ

ರಜೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಮಲಗಿದ್ದ ಹೊತ್ತು. ನೀರು ಕುಡಿಯಲೆಂದು ಅಡುಗೆಮನೆಗೆ ಹೋದರೆ, ಎಸೆಸೆಲ್ಸಿ ಮುಗಿಸಿ ಮನೆಯಲ್ಲಿರುವ ಅಕ್ಕನ ಮಗಳು ಕಿಟಕಿಯ ಬಳಿ ಕೂತಿದ್ದಾಳೆ. ಎರಡು ಡಬ್ಬಿಗಳ ಮೇಲೆ ಗಾಜಿನ ಬೋಗುಣಿ, ಅದರಲ್ಲಿ ನೀರು, ನೀರಿನ ಮೇಲೆ ಎಣ್ಣೆ. ಬೋಗುಣಿಯ ಕೆಳಗೆ ಅವಳಮ್ಮನ ಹೊಸ ದುಪಟ್ಟಾ! ಕೈಯಲ್ಲಿ ಮೊಬೈಲು.

"ಎಣ್ಣೆಯ ಬೆಲೆ ಗೊತ್ತೇನೇ ನಿನಗೆ? ಹೊತ್ತು ಮೂಡಿದರೆ ಆ ಮೊಬೈಲೇ ಆಯಿತು" ಎಂದು ಗದರಿದೆ.

ಅವಳು ಎದುರು ಮಾತಾಡಲಿಲ್ಲ. ಮೊಬೈಲನ್ನು ನನ್ನ ಮುಂದೆ ಹಿಡಿದಳು. ಅದರಲ್ಲಿ ಕೇಸರಿ, ನೀಲಿ, ಹಸಿರು ಬಣ್ಣದ ವೃತ್ತಗಳು. ದೊಡ್ಡದೊಂದರ ಮಗ್ಗುಲಲ್ಲಿ ಸಾಸಿವೆ ಕಾಳಿನಂಥ ಹತ್ತಾರು. ಆಕಾಶದ ಗ್ರಹಗಳ ಚಿತ್ರವೇನೋ ಅಂದುಕೊಂಡೆ.

"ನಿನ್ನೆ ಹಪ್ಪಳ ಕರಿದ ಎಣ್ಣೆ ಖಾಲಾ, ಸೋಸಿ ಇಟ್ಟುಕೊಂಡಿದ್ದೆ" ಅಂದಳು.

ನನ್ನ ಕೋಪ ಇಳಿಯಿತು. ಅವಳ ಪಕ್ಕದಲ್ಲೇ ಕೂತು ಮಾಡುವ ಬಗೆಯನ್ನು ಕಲಿತೆ. ನಿಮ್ಮ ಮನೆಯ ಮಕ್ಕಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಬಣ್ಣವಿಲ್ಲದ, ತಳ ಸಮತಟ್ಟಾದ ಗಾಜಿನ ಪಾತ್ರೆ ಬೇಕು. ಒಂದು ಅಂಗುಲದಷ್ಟು ನೀರು ಹಾಕಿ ಎರಡು ಚಮಚ ಎಣ್ಣೆ ಬಿಟ್ಟು ಮೆಲ್ಲನೆ ಕಲಕಬೇಕು. ಎಣ್ಣೆ ನೀರಿಗಿಂತ ಹಗುರ, ನೀರಿನೊಡನೆ ಬೆರೆಯುವುದೂ ಇಲ್ಲ. ಹಾಗಾಗಿ ವೃತ್ತಗಳಾಗಿ ತೇಲುತ್ತದೆ. ಪಾತ್ರೆಯನ್ನು ಒಂದು ಗೇಣು ಎತ್ತರದಲ್ಲಿಟ್ಟು, ಕೆಳಗೆ ಬಣ್ಣಬಣ್ಣದ ಬಟ್ಟೆ ಅಥವಾ ಉಡುಗೊರೆ ಸುತ್ತುವ ಕಾಗದ ಹಾಸಬೇಕು. ನಡುವೆ ಅಂತರವಿದ್ದರೆ ಬಟ್ಟೆಯ ನೇಯ್ಗೆ ಮಸುಕಾಗಿ ಬಣ್ಣ ಮಾತ್ರ ಉಳಿಯುತ್ತದೆ. ಬೆಳಕು ಬಟ್ಟೆಯ ಮೇಲೆ ಬೀಳಬೇಕು, ಅದಕ್ಕೆ ಕಿಟಕಿ ಸಾಕು. ಮೊಬೈಲಿನ ಫ್ಲ್ಯಾಶ್ ಬೇಡ, ನೀರಿನ ಮೇಲೆ ಹೊಳೆದು ಚಿತ್ರ ಕೆಡುತ್ತದೆ.

ಈಗಿನ ಕೆಲವು ಮೊಬೈಲುಗಳಲ್ಲಿ ಮ್ಯಾಕ್ರೋ ಎಂಬ ಸೌಲಭ್ಯವಿದೆ, ತೀರಾ ಹತ್ತಿರದ ವಸ್ತುವನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಅದಿಲ್ಲದಿದ್ದರೆ ತುಸು ದೂರದಿಂದಲೇ ತೆಗೆದು ಆಮೇಲೆ ಬೇಕಾದ ಭಾಗವನ್ನು ಕತ್ತರಿಸಿಕೊಳ್ಳಬಹುದು. ಎಣ್ಣೆಯ ಅಂಚು ಕಾಣುವಲ್ಲಿ ಪರದೆಯನ್ನು ಬೆರಳಿನಿಂದ ಒತ್ತಬೇಕು. ನೀರು ಅಲುಗಾಡುವುದು ನಿಂತ ಮೇಲೆಯೇ ತೆಗೆಯಬೇಕು. ಇದಕ್ಕೆ ತಾಳ್ಮೆ ಬೇಕು. ಐವತ್ತು ತೆಗೆದರೆ ಎರಡು ಚೆನ್ನಾಗಿ ಬಂದಾವು.

ಎಣ್ಣೆಯ ಒಂದೊಂದು ಹನಿಯೂ ಪುಟ್ಟ ಮಸೂರದಂತೆ ಬೆಳಕನ್ನು ಬಾಗಿಸುತ್ತದೆ. ಅದಕ್ಕೇ ಕೆಳಗಿನ ಬಣ್ಣ ಹನಿಯೊಳಗೆ ಬೇರೆಯಾಗಿಯೇ ಕಾಣುತ್ತದೆ. ಇದನ್ನು ನೋಡುವಾಗ ನನಗೆ ಕಮಾಲುದ್ದೀನ್ ಅಲ್-ಫಾರಿಸಿಯವರ ನೆನಪಾಯಿತು. ಇಬ್ನುಲ್ ಹೈಥಮರ ಬೆಳಕಿನ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಪರ್ಷಿಯಾದ ವಿದ್ವಾಂಸರು ಅವರು. 14ನೇ ಶತಮಾನದ ಆರಂಭದಲ್ಲಿ, ಕಾಮನಬಿಲ್ಲು ಹೇಗಾಗುತ್ತದೆಂದು ತಿಳಿಯಲು ಗಾಜಿನ ಗೋಳವೊಂದಕ್ಕೆ ನೀರು ತುಂಬಿ ಬೆಳಕು ಹಾಯಿಸಿದರು. ಮಳೆಯ ಹನಿ ಚಿಕ್ಕದು, ಅದರೊಳಗೆ ನೋಡಲಾಗದು, ಆದ್ದರಿಂದ ಹನಿಯನ್ನೇ ದೊಡ್ಡದು ಮಾಡಿಕೊಂಡರು. ಹುಡುಗಿ ಮೊಬೈಲಿನಲ್ಲಿ ಮಾಡುತ್ತಿದ್ದುದೂ ಅದೇ ಅಲ್ಲವೇ?

ಆಮೇಲೆ ಅವಳು ಇನ್ನೊಂದನ್ನು ತೋರಿಸಿದಳು. ತಟ್ಟೆಯಲ್ಲಿ ನಾಲ್ಕು ಚಮಚ ಗಟ್ಟಿ ಹಾಲು, ಅದರ ಮೇಲೆ ಅಡುಗೆ ಬಣ್ಣದ ಮೂರು ಹನಿ. ಪಾತ್ರೆ ತೊಳೆಯುವ ಸೋಪಿನ ದ್ರವದಲ್ಲಿ ಹತ್ತಿಯ ಕಡ್ಡಿ ಅದ್ದಿ ನಡುವೆ ತಾಗಿಸಿದ್ದೇ ತಡ, ಬಣ್ಣಗಳು ಹೆದರಿದಂತೆ ಅಂಚಿಗೆ ಓಡಿದವು.

"ಯಾಕೆ ಓಡುತ್ತದೆ ಖಾಲಾ?"

ನಾನು ಓದಿದ್ದು ಮದ್ರಸದಲ್ಲಿ, ಆಮೇಲೆ ಬಿ.ಎ. ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದೆ. ಊರಿಗೆ ಮರಳಿ, ಶಾಲೆಯ ವಿಜ್ಞಾನದ ಟೀಚರನ್ನು ಕೇಳಿ, ಪುಸ್ತಕ ನೋಡಿ ತಿಳಿದುಕೊಂಡೆ. ದ್ರವದ ಮೇಲ್ಮೈ ಎಳೆದು ಕಟ್ಟಿದ ತೆಳು ಬಟ್ಟೆಯಂತೆ ಬಿಗಿಯಾಗಿರುತ್ತದೆ. ಸೋಪು ತಾಗಿದಲ್ಲಿ ಆ ಬಿಗಿ ಸಡಿಲವಾಗುತ್ತದೆ. ಸುತ್ತಲಿನ ಬಿಗಿಯಾದ ಭಾಗ ಹಾಲನ್ನು ತನ್ನತ್ತ ಸೆಳೆಯುತ್ತದೆ, ಜೊತೆಗೆ ಬಣ್ಣವೂ ಹೋಗುತ್ತದೆ. ಇದಕ್ಕೆ ಮೇಲ್ಮೈ ಸೆಳೆತ ಎನ್ನುತ್ತಾರೆ.

ಅದನ್ನು ಹುಡುಕುವಾಗಲೇ ಒಬ್ಬ ಹೆಣ್ಣುಮಗಳ ಕಥೆ ಸಿಕ್ಕಿತು. ಜರ್ಮನಿಯ ಆಗ್ನೆಸ್ ಪೋಕೆಲ್ಸ್, ಹುಟ್ಟಿದ್ದು 1862ರಲ್ಲಿ. ಭೌತಶಾಸ್ತ್ರ ಓದುವ ಆಸೆಯಿತ್ತು, ಆದರೆ ಆಗ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹೆಣ್ಣುಮಕ್ಕಳನ್ನು ಸೇರಿಸುತ್ತಿರಲಿಲ್ಲ. ತಮ್ಮ ಕಾಲೇಜಿಗೆ ಹೋದ. ಆಕೆ ಮನೆಯಲ್ಲುಳಿದು ಅಡುಗೆ, ಪಾತ್ರೆ, ಕಾಯಿಲೆಯ ತಂದೆತಾಯಿಯರ ಆರೈಕೆ ನೋಡಿಕೊಂಡಳು. ತಮ್ಮ ಕಳುಹಿಸುತ್ತಿದ್ದ ಪುಸ್ತಕಗಳನ್ನು ಓದಿದಳು. ಎಣ್ಣೆ, ಸೋಪು ಸೇರಿದರೆ ನೀರಿನ ಮೇಲ್ಮೈ ಹೇಗೆ ಬದಲಾಗುತ್ತದೆಂದು ಅಳೆಯಲು ತಗಡಿನ ತೊಟ್ಟಿಯೊಂದನ್ನು ತಾನೇ ರೂಪಿಸಿಕೊಂಡಳು. ನೀರಿನಿಂದ ಗುಂಡಿಯೊಂದನ್ನು ಮೇಲೆತ್ತಲು ಎಷ್ಟು ಬಲ ಬೇಕೆಂದು ಅಳೆದಳು. ಸುಮಾರು ಹತ್ತು ವರ್ಷಗಳ ಬಳಿಕ, 1891ರ ಜನವರಿಯಲ್ಲಿ, ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನಿ ಲಾರ್ಡ್ ರ್‍ಯಾಲೇ ಅವರಿಗೆ ಪತ್ರ ಬರೆದಳು. ಅವರ ಪತ್ನಿ ಅದನ್ನು ಜರ್ಮನಿನಿಂದ ಇಂಗ್ಲಿಷಿಗೆ ಅನುವಾದಿಸಿದರು. ಅವರು ಅದನ್ನು 'ನೇಚರ್' ಪತ್ರಿಕೆಗೆ ಕಳುಹಿಸಿದರು, ಮಾರ್ಚ್‌ನಲ್ಲಿ ಅಚ್ಚಾಯಿತು. ಕೊನೆಗೆ 1932ರಲ್ಲಿ, 70ನೇ ವಯಸ್ಸಿನಲ್ಲಿ, ತನ್ನೂರು ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯ ಆಕೆಗೆ ಗೌರವ ಡಾಕ್ಟರೇಟ್ ನೀಡಿತು.

ಇದನ್ನು ಓದಿ ನಾನು ಸುಮ್ಮನೆ ಕೂತುಬಿಟ್ಟೆ. ಕಾರಣವಿದೆ. ಅಕ್ಕನ ಮಗಳಿಗೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವ ಆಸೆ. "ಹುಡುಗಿಗೆ ಅಷ್ಟೆಲ್ಲ ಯಾಕೆ, ಕಲಾ ವಿಭಾಗ ಸಾಕು" ಎಂದು ಅಕ್ಕ ಹೇಳಿದಾಗ ತಲೆಯಾಡಿಸಿದವಳು ನಾನೇ. ಟೀಚರಮ್ಮ ಹೇಳಿದ ಮೇಲೆ ಮುಗಿಯಿತೆಂದು ಮನೆಯವರು ಸುಮ್ಮನಾಗಿದ್ದರು. ಆಗ್ನೆಸಳಿಗೆ ಬಾಗಿಲು ಮುಚ್ಚಿದ್ದು ಆ ಕಾಲದ ಕಾನೂನು. ಇವಳಿಗೆ ಮುಚ್ಚಲು ಹೊರಟಿದ್ದವರು ನಾವು.

ಅಂದೇ ಅಕ್ಕನಿಗೆ ಫೋನ್ ಮಾಡಿದೆ. "ಆಪಾ, ನಾನು ಹೇಳಿದ್ದು ತಪ್ಪಾಯಿತು" ಎಂದೆ. ಅವಳಿನ್ನೂ ಪೂರ್ತಿ ಒಪ್ಪಿಲ್ಲ. ಭಾವನ ಹತ್ತಿರ ಮಾತಾಡುತ್ತೇನೆ ಎಂದಿದ್ದಾಳೆ. ಅರ್ಜಿ ತುಂಬಲು ಇನ್ನೂ ದಿನವಿದೆ. ನಾನೂ ಬಿಡುವವಳಲ್ಲ.

ಸಹೋದರಿಯರೇ, ಮಕ್ಕಳು ಅಡುಗೆಮನೆಯಲ್ಲಿ ಏನೋ ಹರಡಿಕೊಂಡು ಕೂತರೆ ಗದರುವ ಮುನ್ನ ಒಂದು ಕ್ಷಣ ಪಕ್ಕದಲ್ಲಿ ಕೂತು ನೋಡಿ. ಪೋಲಾಗದಂತೆ ಕರಿದುಳಿದ ಎಣ್ಣೆಯನ್ನೇ ಕೊಡಿ. ಮುಗಿದ ಮೇಲೆ ಎಣ್ಣೆಯನ್ನು ಸಿಂಕಿಗೆ ಸುರಿಯದೆ ಹಳೆಯ ಕಾಗದದಲ್ಲಿ ಒರೆಸಿ ತೆಗೆಯಲು ಹೇಳಿ. ಸೋಪು ಬೆರೆತ ಹಾಲನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಚೆಲ್ಲಿಬಿಡಿ. ಅವರು ಕೇಳುವ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ, ಜೊತೆಯಾಗಿ ಹುಡುಕಿ. ಗದರಿದರೆ ಎಣ್ಣೆ ಎರಡು ಚಮಚ ಉಳಿದೀತು. ಆದರೆ ಆ ಪ್ರಶ್ನೆಯನ್ನು ಮಗು ಮತ್ತೆ ನಮ್ಮ ಬಳಿ ತರಲಾರದು.