ಊರು ಅಲ್ಲೇ ಇದೆ, ಪುರಾವೆ ಮಾತ್ರ ನಾನು ಕೊಡ್ಬೇಕಂತೆ!

ಪರದೇಶದಲ್ಲಿ ದುಡಿಯೋ ನನ್ನಂಥ ಸಾಫ್ಟ್‌ವೇರ್ ಕೂಲಿಗಳಿಗೆ ಹತ್ತು ವರ್ಷಕ್ಕೊಮ್ಮೆ ಒಂದು ಸಂಕಟ ಬರುತ್ತೆ. ಪಾಸ್‌ಪೋರ್ಟಿನ ಅವಧಿ ಮುಗಿಯುತ್ತೆ, ಆದ್ರೆ ಅದರೊಳಗಿನ ವೀಸಾಕ್ಕೆ ಇನ್ನೂ ಆಯಸ್ಸು ಇರುತ್ತೆ. ಅಮೆರಿಕದವರು ಇದಕ್ಕೆ ತಲೆಕೆಡಿಸಿಕೊಳ್ಳಲ್ಲ. ಹಳೇ ಪಾಸ್‌ಪೋರ್ಟಿನ ವೀಸಾ ಹರಿಯದೇ ಇದ್ರೆ ಸಾಕು, ಎರಡೂ ಪುಸ್ತಕ ಹಿಡ್ಕೊಂಡು ಬನ್ನಿ ಅಂತಾರೆ. ಬ್ರಿಟನ್‌ನವರು ಇ-ವೀಸಾಕ್ಕೆ ಹೋಗಿದ್ದಾರೆ, ಖಾತೆಗೆ ಹೊಸ ಪಾಸ್‌ಪೋರ್ಟ್ ವಿವರ ಸೇರಿಸಬೇಕು ಅಷ್ಟೆ. ಆದ್ರೆ ಇನ್ನೂ ಕೆಲವು ದೇಶಗಳಲ್ಲಿ ಹಳೇ ವೀಸಾವನ್ನ ಹೊಸ ಪಾಸ್‌ಪೋರ್ಟಿಗೆ ವರ್ಗಾಯಿಸ್ಕೋಬೇಕು, ಅದಕ್ಕೆ 'ಪೂರಕ ದಾಖಲೆ' ಕೊಡಬೇಕು. ನಾನಿರೋದು ಅಂಥ ಒಂದು ದೇಶದಲ್ಲಿ. ಹೆಸರು ಬೇಡ ಬಿಡಿ, ನನ್ನ ಜಗಳ ಇರೋದು ಅವರ ಜೊತೆ ಅಲ್ಲ.

2015ರ ನನ್ನ ಹಳೇ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು 'ಹಾಸ್ಪೆಟ್, ಬೆಲ್ಲಾರಿ'. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಾಗೇ ಇತ್ತು, ಅದನ್ನೇ ಇಳಿಸಿದ್ರು. 2025ರ ಹೊಸದರಲ್ಲಿ 'ಹೊಸಪೇಟೆ, ವಿಜಯನಗರ'. ವೀಸಾ ಕಚೇರಿಯ ಪ್ರಶ್ನೆ ಸರಳ: ಇವೆರಡೂ ಒಂದೇ ಊರು ಅನ್ನೋದಕ್ಕೆ ಪುರಾವೆ ಏನು?

ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಅವರಿಗೆ ಹೊಸಪೇಟೆ ಎಲ್ಲಿದೆ ಅಂತಾನೇ ಗೊತ್ತಿಲ್ಲ. ಆದ್ರೆ ಊರಿನ ಸ್ಪೆಲಿಂಗ್ ಬದಲಾಯಿಸಿದ್ದು ನಾನಾ? 2014ರ ನವೆಂಬರ್ 1ರಂದು ಬೆಂಗಳೂರೂ ಸೇರಿ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿಸಿದ್ದು ಸರ್ಕಾರ. 2021ರಲ್ಲಿ ಬಳ್ಳಾರಿಯನ್ನ ಒಡೆದು ವಿಜಯನಗರ ಜಿಲ್ಲೆ ಮಾಡಿದ್ದೂ ಸರ್ಕಾರ. ಎರಡೂ ನನಗೆ ಇಷ್ಟವೇ. ಆದ್ರೆ ಮಾಡಿದವರು ಅವರು, ಛಾಪಾ ಕಾಗದ ಕೊಂಡು, ನೋಟರಿ ಹತ್ರ ಸಹಿ ಹಾಕಿಸಿ, ಗೆಜೆಟ್ ಪ್ರತಿ ಹುಡುಕಿ, ಅನುವಾದ ಮಾಡಿಸಿ, 'ಹಾಸ್ಪೆಟ್‌ನಲ್ಲಿ ಹುಟ್ಟಿದವನೂ ಹೊಸಪೇಟೆಯಲ್ಲಿ ಹುಟ್ಟಿದವನೂ ನಾನೇ' ಅಂತ ಪ್ರಮಾಣ ಮಾಡೋನು ನಾನು. ಇದ್ಯಾವ ನ್ಯಾಯ ಸ್ವಾಮಿ?

ತಮಾಷೆ ಏನ್ ಗೊತ್ತಾ? ನನ್ನ ಜನನ ಪ್ರಮಾಣಪತ್ರ ಕನ್ನಡದಲ್ಲಿದೆ. ಅದರಲ್ಲಿ ಆಗಲೂ 'ಹೊಸಪೇಟೆ', ಈಗಲೂ 'ಹೊಸಪೇಟೆ'. ಕನ್ನಡದಲ್ಲಿ ನಮ್ಮೂರ ಹೆಸರು ಬದಲಾಗೇ ಇಲ್ಲ! ಬದಲಾಗಿದ್ದು ಇಂಗ್ಲಿಷ್ ಅಕ್ಷರ ಮಾತ್ರ. ಇದನ್ನ ಸಾಬೀತು ಮಾಡಬಲ್ಲ ಒಂದೇ ಭಾಷೆಗೆ ಪಾಸ್‌ಪೋರ್ಟಿನಲ್ಲಿ ಜಾಗ ಇಲ್ಲ, ಅಲ್ಲಿರೋದು ಹಿಂದಿ ಮತ್ತು ಇಂಗ್ಲಿಷ್.

ಇದು ನನ್ನೊಬ್ಬನ ಗೋಳು ಅಂದ್ಕೋಬೇಡಿ. ನಮ್ಮಮ್ಮನ ತವರು ಕಂಪ್ಲಿ. ಅವರ ಕಾಗದದಲ್ಲಿ 'ಕಂಪ್ಲಿ, ಹೊಸಪೇಟೆ ತಾಲ್ಲೂಕು, ಬಳ್ಳಾರಿ ಜಿಲ್ಲೆ' ಅಂತಿದೆ. ಆಗ ಪ್ರತಿ ಪದವೂ ನಿಜ. ಈಗ ಕಂಪ್ಲಿಯೇ ಒಂದು ತಾಲ್ಲೂಕು, ಅದು ಬಳ್ಳಾರಿಯಲ್ಲೇ ಉಳೀತು, ಹೊಸಪೇಟೆ ವಿಜಯನಗರಕ್ಕೆ ಹೋಯ್ತು. ನಮ್ಮಜ್ಜ ಹುಟ್ಟಿದ್ದು ಸಂಡೂರು ಸಂಸ್ಥಾನದಲ್ಲಿ, ಘೋರ್ಪಡೆ ರಾಜರ ಕಾಲದಲ್ಲಿ. 1949ರಲ್ಲಿ ಸಂಡೂರು ಮದ್ರಾಸ್ ಪ್ರಾಂತ್ಯಕ್ಕೆ, 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಅದೇ ಮೈಸೂರು ರಾಜ್ಯ ಕರ್ನಾಟಕ ಆಯ್ತು. ಅಜ್ಜ ಮನೆ ಬಿಟ್ಟು ಕದಲಲಿಲ್ಲ. ಹರಪನಹಳ್ಳಿಯವರಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಈಗ ವಿಜಯನಗರದಲ್ಲಿದ್ದಾರೆ. ಕೂತಲ್ಲೇ ಮೂರು ಜಿಲ್ಲೆ!

"ಭದ್ರತೆ ಬೇಕಲ್ಲಪ್ಪ, ಹೆಸರು ಬದಲಾಯಿಸ್ಕೊಂಡು ಓಡಾಡೋರು ಇರ್ತಾರೆ" ಅಂತೀರಾ? ಒಪ್ಪಿದೆ. ನಾನು ನನ್ನ ಹೆಸರು ಬದಲಾಯಿಸಿಕೊಂಡ್ರೆ ನನ್ನನ್ನೇ ಕೇಳಿ, ನೂರು ಪುರಾವೆ ಕೊಡ್ತೀನಿ. ಊರಿನದನ್ನ ಊರು ಬದಲಾಯಿಸಿದವರು ಕೊಡಲಿ. ನನ್ನ ಅಫಿಡವಿಟ್‌ಗಿಂತ ಅವರ ಒಂದು ಸಾಲಿಗೆ ಬೆಲೆ ಜಾಸ್ತಿ ಅಲ್ವಾ?

ರೈಲ್ವೆಯವರನ್ನ ನೋಡಿ ಕಲೀಬೇಕು. ಸ್ಟೇಷನ್ ಬೋರ್ಡಿನಲ್ಲಿ ಸ್ಪೆಲಿಂಗ್ ಬದಲಾಯ್ತು, ಕೋಡ್ ಮಾತ್ರ ಈಗಲೂ ಎಚ್‌ಪಿಟಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡಿಸ್‌ಪ್ಲೇ ನೇಮ್ ಬದಲಾಗಬಹುದು, ಪ್ರೈಮರಿ ಕೀ ಬದಲಾಗಬಾರದು. ಡೇಟಾಬೇಸ್ ಕಲಿಯೋ ಮೊದಲ ವಾರದ ಪಾಠ ಇದು. ಊರು, ತಾಲ್ಲೂಕು, ಜಿಲ್ಲೆಗಳಿಗೆಲ್ಲ ಕೋಡ್ ಕೊಡೋ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಕೇಂದ್ರ ಸರ್ಕಾರದ ಹತ್ರಾನೇ ಇದೆ. ಇದ್ದೂ ನನ್ನನ್ನ ನೋಟರಿ ಮುಂದೆ ನಿಲ್ಲಿಸ್ತಾರೆ.

ಮನಸ್ಸಿದ್ರೆ ಮಾಡೋಕೆ ಬರುತ್ತೆ ಕೂಡ. ಹಂಪಿ ನೋಡೋಕೆ ಬಂದ ವಿದೇಶಿಯೊಬ್ಬರು ಪಾಸ್‌ಪೋರ್ಟ್ ಕಳಕೊಂಡ್ರು ಅನ್ಕೊಳ್ಳಿ. ಪೊಲೀಸ್ ದೂರು ಕೊಟ್ಟು, ತಮ್ಮ ರಾಯಭಾರ ಕಚೇರಿಯಿಂದ ಹೊಸದು ಪಡೆದು, ಭಾರತದ ವೀಸಾ ಅದಕ್ಕೆ ವರ್ಗಾಯಿಸಿ ಅಂತ 2018ರಿಂದ ನಡೀತಿರೋ ಇ-ಎಫ್‌ಆರ್‌ಆರ್‌ಒ ತಾಣದಲ್ಲೇ ಅರ್ಜಿ ಹಾಕಬಹುದು. ಅತಿಥಿಗೆ ಅಷ್ಟು ಮಾಡಿದ್ದು ಒಳ್ಳೇದೇ. ಮನೆ ಮಕ್ಕಳಿಗೂ ಒಂದು ಕಿಟಕಿ ತೆಗೀರಿ ಅಂತ ಕೇಳೋದು ತಪ್ಪಾ?

ನಾನು ಕೇಳ್ತಿರೋದು ಎರಡೇ. ಒಂದು, ಊರು ಅಥವಾ ಜಿಲ್ಲೆ ಹೆಸರು ಬದಲಾದ್ರೆ ಹಳೇದು, ಹೊಸದು, ಕನ್ನಡ, ಇಂಗ್ಲಿಷ್, ಕೋಡ್, ತಾರೀಖು ಎಲ್ಲ ಇರೋ ಒಂದೇ ಪುಟದ ಡಿಜಿಟಲ್ ಸಹಿಯ ಪತ್ರ ಯಾರು ಬೇಕಾದ್ರೂ ಡೌನ್‌ಲೋಡ್ ಮಾಡ್ಕೊಳ್ಳೋ ಹಾಗೆ ಇಡಲಿ. ಎರಡು, ಪಾಸ್‌ಪೋರ್ಟಿನ ಜನ್ಮಸ್ಥಳಕ್ಕೆ ಹುಟ್ಟಿದಾಗಿನ ಜಿಲ್ಲೆ ಬರೀಬೇಕೋ ಈಗಿನದೋ ಅನ್ನೋದನ್ನ ಅರ್ಜಿ ತುಂಬೋ ಜಾಗದಲ್ಲೇ ಎಲ್ಲರಿಗೂ ತಿಳಿಯೋ ಹಾಗೆ ಬರೆದಿಡಲಿ.

ಬೆಳಗಾವಿ, ಕಲಬುರಗಿ, ಶಿವಮೊಗ್ಗ, ತುಮಕೂರಿನ ಗೆಳೆಯರೇ, ನಿಮ್ಮ ಸರದಿಯೂ ಬರುತ್ತೆ. ಇವತ್ತೇ ಕಪಾಟು ತೆಗೆದು, ನಿಮ್ಮೂರ ಹೆಸರು ನಿಮ್ಮ ಕಾಗದಗಳಲ್ಲಿ ಎಷ್ಟು ಥರ ಇದೆ ಅಂತ ಎಣಿಸಿ, ನಿಮ್ಮ ಬ್ಲಾಗಿನಲ್ಲೂ ಬರೀರಿ. ಹತ್ತು ಜನ ಬರೆದ್ರೆ ಅದೇ ಒಂದು ಪುರಾವೆ. ಏನಂತೀರಿ?