ಕೈಕೊಟ್ಟ ಕಂಪ್ಯೂಟರ್, ಕೈಕಟ್ಟಿ ಕುಂತ ನಾವು

ನಮ್ಮ ವಾಡಿ, ಸೇಡಂ, ಶಹಾಬಾದ್ ಕಡೆ ಸಿಮೆಂಟ್, ಕಲ್ಲಿನ ಧೂಳಿಗೇನೂ ಬರ ಇಲ್ಲ. ಡೆಸ್ಕ್‌ಟಾಪ್ ಆನ್ ಆಗದಿದ್ರೆ ಮಾತ್ರ ಎಂಜಿನಿಯರಿಂಗ್ ಓದೋ ನಾವೇ ‘ಮದರ್‌ಬೋರ್ಡ್ ಹೋಗ್ಯಾದ’ ಅಂತ ಷರಾ ಬರೆದು, ಸಿಪಿಯು ಹೊತ್ತು ಕಲಬುರಗಿ ಬಸ್ ಹತ್ತುತ್ತೇವೆ. ಇದು ನಾಚಿಕೆಗೇಡು.

ಮೊದಲು ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡೋಣ. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆನ್ ಇದೆಯೇ? ಕೇಬಲ್ ಬದಲಿಸಿದ್ದೇವೆಯೇ? ಆಮೇಲೆ ಪ್ಲಗ್ ಕಿತ್ತು, ಕ್ಯಾಬಿನೆಟ್ ತೆಗೆದು, ಧೂಳು ಕೊಡವಿ, 24 ಪಿನ್ನಿನ ಕನೆಕ್ಟರ್ ಒತ್ತಿ ಕೂರಿಸೋಣ. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗೇ ಇದ್ದರೆ ರ‍್ಯಾಮ್ ತೆಗೆದು, ರಬ್ಬರಿನಿಂದ ಉಜ್ಜಿ ಹಾಕೋಣ. ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚೋದು ಬೇಡ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರ್ತದ.

ಚಿಂಚೋಳಿ, ಚಿತ್ತಾಪುರದಲ್ಲಿ ಅಪ್ಪ-ಅವ್ವ ಕೂಡಿಟ್ಟ ರೊಕ್ಕದಿಂದ ಕೊಡಿಸಿದ ಯಂತ್ರ ಅದು. ಸತ್ತಿತು ಅನ್ನೋ ಮುಂಚೆ ನಾಡಿ ಹಿಡಿದು ನೋಡುವುದು ನಮ್ಮ ಕೆಲಸ.